ಕೈಪಿಡಿಯಲ್ಲಿಲ್ಲದ ಮಾದರಿಗಳು

ಪರದೇಶದಲ್ಲಿ ನೆಲೆಸಿದ ಬಂಧುಗಳು ಊರಿಗೆ ಬರುವಾಗ ಮಕ್ಕಳಿಗೆಂದು ತರುವ ಉಡುಗೊರೆಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳ ಪೆಟ್ಟಿಗೆಯೂ ಈಗ ಸೇರಿಕೊಂಡಿದೆ. ಲೆಗೊ ಎಂದು ಅದರ ಹೆಸರು. ಪೆಟ್ಟಿಗೆಯ ಮೇಲೆ ಕೋಟೆಯದೋ ಮೋಟಾರು ಗಾಡಿಯದೋ ಚಿತ್ರ. ಒಳಗೆ ನೂರಾರು ಬಿಡಿ ತುಂಡುಗಳು. ಜೊತೆಗೆ, ಯಾವ ತುಂಡಿನ ಮೇಲೆ ಯಾವುದನ್ನು ಇಡಬೇಕೆಂದು ಹೆಜ್ಜೆಹೆಜ್ಜೆಗೂ ಚಿತ್ರದಲ್ಲಿ ತೋರಿಸುವ ಕೈಪಿಡಿ. ಮಗು ಎರಡು ದಿನ ಕುಳಿತು ಅದರಂತೆಯೇ ಜೋಡಿಸುತ್ತದೆ. ಮಾದರಿ ಸಿದ್ಧವಾದೊಡನೆ ತಾಯಿ ಅದನ್ನು ಗಾಜಿನ ಬೀರುವಿನಲ್ಲಿಟ್ಟು, “ಮುಟ್ಟಬೇಡಪ್ಪಾ, ಬಿಚ್ಚಿದರೆ ತುಂಡುಗಳು ಕಳೆದುಹೋಗುತ್ತವೆ” ಎನ್ನುತ್ತಾಳೆ. ಅದರ ಬೆಲೆಯನ್ನು ನೋಡಿದರೆ ಆ ತಾಯಿಯನ್ನು ಆಕ್ಷೇಪಿಸುವಂತಿಲ್ಲ. ಆದರೆ ಈ ಆಟಿಕೆಯ ನಿಜವಾದ ಬಾಳು ಆರಂಭವಾಗುವುದೇ ಕೈಪಿಡಿ ಮುಗಿದ ಮೇಲೆ. ಕೈಪಿಡಿಯನ್ನು ಬದಿಗಿಟ್ಟು ಸ್ವಂತ ಕಲ್ಪನೆಯಿಂದ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳು ಲೋಕದ ನಾನಾ ಕಡೆ ಇದ್ದಾರೆ. ಮಕ್ಕಳಷ್ಟೇ ಅಲ್ಲ, ಎಂಜಿನಿಯರುಗಳು, ಅಧ್ಯಾಪಕರು, ವಕೀಲರೂ ಆ ಗುಂಪಿನಲ್ಲುಂಟು. ತಮ್ಮ ಕೃತಿಯನ್ನು ಅವರು ‘ಮಾಕ್’ ಎಂದು ಕರೆಯುತ್ತಾರೆ. ‘ನನ್ನ ಸ್ವಂತ ರಚನೆ’ ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳು ಕೂಡಿ ಆದ ಪದವಿದು.

ಈ ಇಟ್ಟಿಗೆಯ ತವರು ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಸಣ್ಣ ಊರು. ಅಲ್ಲಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆಗಳನ್ನು ಮಾಡಲಾರಂಭಿಸಿದರು. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಪದಗಳನ್ನು ಬೆಸೆದು ಲೆಗೊ ಎಂಬ ಹೆಸರನ್ನು ಕಟ್ಟಿದರು. ಅವರ ವಿಷಯದಲ್ಲಿ ಆ ಮನೆತನದವರು ಹೇಳುತ್ತ ಬಂದ ಪ್ರಸಂಗವೊಂದಿದೆ. ಮಗ ಗಾಟ್‌ಫ್ರೆಡ್ ಒಮ್ಮೆ ಮರದ ಬಾತುಕೋಳಿಗಳಿಗೆ ಮೂರು ಸಲ ಬಳಿಯಬೇಕಾದ ವಾರ್ನಿಷನ್ನು ಎರಡೇ ಸಲ ಬಳಿದು, ಖರ್ಚು ಉಳಿಸಿದೆನೆಂದು ತಂದೆಯ ಮುಂದೆ ಹಿಗ್ಗಿದನಂತೆ. ತಂದೆ ಸಂತೋಷಪಡಲಿಲ್ಲ. ಸಾಗಿಸಲು ಕಳಿಸಿದ್ದ ಸರಕನ್ನೆಲ್ಲ ವಾಪಸು ತರಿಸಿ ಮೂರನೆಯ ಲೇಪವನ್ನು ಮಗನ ಕೈಯಿಂದಲೇ ಬಳಿಸಿದರು. 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳು ಬಂದವು. ಆ ಕಲ್ಪನೆ ಮೂಲತಃ ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಅವರದು ಎಂಬುದನ್ನು ಮರೆಯಬಾರದು. ಆದರೆ ಆ ಹಿಂದಿನ ಇಟ್ಟಿಗೆಗಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ಮೇಲ್ಭಾಗದ ಉಬ್ಬುಗಳನ್ನು ಒಳಗಿನಿಂದ ಬಿಗಿದು ಹಿಡಿಯುವ ಕೊಳವೆಗಳನ್ನು ಅಳವಡಿಸಿ ಗಾಟ್‌ಫ್ರೆಡ್ 1958ರ ಜನವರಿ 28ರಂದು ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದರು. ಅಂದಿನ ಅಳತೆಯನ್ನು ಇಂದಿಗೂ ಬದಲಿಸಿಲ್ಲ. ಅಜ್ಜ ಆಡಿದ ಇಟ್ಟಿಗೆಗೆ ಮೊಮ್ಮಗನ ಇಟ್ಟಿಗೆ ಕೂಡಿಕೊಳ್ಳುತ್ತದೆ.

ಎಂಟು ಉಬ್ಬುಗಳುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಗಣಕಯಂತ್ರದಿಂದ ಎಣಿಸಿ ಕಂಡುಕೊಂಡ ಉತ್ತರ 91,51,03,765. ತೊಂಬತ್ತೊಂದು ಕೋಟಿಗೂ ಮಿಗಿಲು! ಕೈಪಿಡಿ ತೋರಿಸುವುದು ಇವುಗಳಲ್ಲಿ ಒಂದನ್ನು.

ಹೀಗೆಂದರೆ ಈ ಹವ್ಯಾಸದಲ್ಲಿ ಕಟ್ಟುಪಾಡೇ ಇಲ್ಲವೆಂದಲ್ಲ. ಹವ್ಯಾಸಿಗಳು ತಮಗೆ ತಾವೇ ವಿಧಿಸಿಕೊಂಡ ನಿಯಮಗಳು ಕಂಪನಿಯ ಕೈಪಿಡಿಗಿಂತ ಕಠಿಣ. ತುಂಡುಗಳನ್ನು ಕತ್ತರಿಸಬಾರದು, ಅಂಟು ಹಚ್ಚಬಾರದು, ಬಣ್ಣ ಬಳಿಯಬಾರದು ಎಂಬುದು ನಿಷ್ಠಾವಂತರ ಪದ್ಧತಿ. (ನ್ಯೂಯಾರ್ಕಿನಲ್ಲಿ ವಕೀಲಿವೃತ್ತಿಯನ್ನು ಬಿಟ್ಟು ಈ ಇಟ್ಟಿಗೆಗಳಿಂದ ಆಳೆತ್ತರದ ಶಿಲ್ಪಗಳನ್ನು ರಚಿಸಿ ಪ್ರಸಿದ್ಧರಾದ ನೇಥನ್ ಸವಾಯ ಅಂಟು ಬಳಸುತ್ತಾರೆ. ಊರಿಂದೂರಿಗೆ ಸಾಗುವ ಪ್ರದರ್ಶನಕ್ಕೆ ಅದು ಅನಿವಾರ್ಯವಿರಬಹುದು. ಆದರೂ ನಿಷ್ಠಾವಂತರಿಗೆ ಅದು ಒಪ್ಪಿಗೆಯಲ್ಲ.) ಇಂಥ ನಿರ್ಬಂಧದೊಳಗೇ ಜಾಣ್ಮೆ ಬೆಳೆಯುತ್ತದೆ. ಒಂದು ಉಬ್ಬಿನಿಂದ ಇನ್ನೊಂದಕ್ಕೆ 8 ಮಿಲಿಮೀಟರು ಅಂತರ. ತೆಳುವಾದ ಹಲಗೆಯಂಥ ತುಂಡಿನ ದಪ್ಪ 3.2 ಮಿಲಿಮೀಟರು. ಅಂಥ ಐದು ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ 16 ಮಿಲಿಮೀಟರು, ಅಂದರೆ ಸರಿಯಾಗಿ ಎರಡು ಉಬ್ಬುಗಳ ಅಗಲ. ಈ ಲೆಕ್ಕವನ್ನರಿತವರು ಇಟ್ಟಿಗೆಗಳನ್ನು ಅಡ್ಡಲಾಗಿ ಮಲಗಿಸಿ, ಎಳ್ಳಷ್ಟೂ ಸಂದುಬಿಡದೆ ನೆಟ್ಟನೆಯ ಗೋಡೆಯೊಳಗೆ ಸೇರಿಸುತ್ತಾರೆ. ಉಬ್ಬುಗಳೇ ಕಾಣದ ನುಣುಪಾದ ಮುಖಮಂಟಪಗಳು, ಬಾಗಿದ ಕಮಾನುಗಳು ಹುಟ್ಟುವುದು ಹೀಗೆ. ಭಾಗಾಕಾರವನ್ನು ಬಾಯಿಪಾಠ ಮಾಡಿ ಬೇಸತ್ತ ಹುಡುಗನಿಗೆ ಈ ಒಂದು ಲೆಕ್ಕವನ್ನು ಕೈಯಲ್ಲಿ ಕೊಟ್ಟು ನೋಡಬೇಕು.

ನಾನು ಅರಿತ ರಚನೆಗಳಲ್ಲಿ ಅತ್ಯಂತ ಗಹನವೆನಿಸಿದ್ದು ಆಪಲ್ ಕಂಪನಿಯ ಎಂಜಿನಿಯರ್ ಆಂಡ್ರ್ಯೂ ಕ್ಯಾರಲ್ ಅವರು ಕಟ್ಟಿ, 2010ರಲ್ಲಿ ಲೋಕದ ಗಮನ ಸೆಳೆದ ಯಂತ್ರ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ತುಕ್ಕುಹಿಡಿದ ಕಂಚಿನ ಮುದ್ದೆಯೊಂದು ದೊರೆಯಿತು. ವಿದ್ವಾಂಸರು ಪರೀಕ್ಷಿಸಿದಾಗ ಅದು ಎರಡು ಸಾವಿರ ವರ್ಷಗಳಷ್ಟು ಹಳೆಯ ಖಗೋಳ ಯಂತ್ರವೆಂದು ತಿಳಿಯಿತು. ಹಿಡಿ ತಿರುಗಿಸಿದರೆ ಸೂರ್ಯಚಂದ್ರರ ಸ್ಥಾನಗಳನ್ನೂ ಗ್ರಹಣಕಾಲವನ್ನೂ ಹಲ್ಲುಗಾಲಿಗಳ ಮೂಲಕ ಸೂಚಿಸುವ ಸಾಧನ. ಅದರ ಮುಖ್ಯ ಗಣನೆಗಳಲ್ಲೊಂದು, 19 ಸೌರವರ್ಷಗಳಿಗೆ 235 ಚಾಂದ್ರಮಾಸಗಳು ಎಂಬುದು. ಪಂಚಾಂಗ ಬಲ್ಲ ಓದುಗರಿಗೆ ಈ ಸಂಖ್ಯೆ ಪರಿಚಿತ: ಹತ್ತೊಂಬತ್ತು ವರ್ಷಗಳ ಹನ್ನೆರಡು ಹನ್ನೆರಡು ತಿಂಗಳು ಕೂಡಿ 228, ಅದಕ್ಕೆ ಏಳು ಅಧಿಕಮಾಸಗಳು ಸೇರಿದರೆ 235. ನಮ್ಮ ಜೋಯಿಸರು ಲೆಕ್ಕದಲ್ಲಿ ಹಿಡಿದದ್ದನ್ನು ಆ ಗ್ರೀಕ್ ಕುಶಲಿ ಕಂಚಿನಲ್ಲಿ ಹಿಡಿದಿದ್ದ.

ಅದನ್ನು ಆಟಿಕೆಯ ತುಂಡುಗಳಿಂದ ಮಾಡುವಾಗ ಎದುರಾದ ತೊಡಕನ್ನು ಸ್ವಲ್ಪ ವಿವರಿಸಬೇಕು. ಪ್ರಾಚೀನ ಕುಶಲಿಗೆ 127 ಹಲ್ಲುಗಳ ಗಾಲಿ ಬೇಕಾಯಿತು. ಕಂಚಿನ ತಗಡಿನಲ್ಲಿ ಕೆತ್ತಿಕೊಂಡ. ಕ್ಯಾರಲ್ ಅವರಿಗೆ ಆ ಸ್ವಾತಂತ್ರ್ಯವಿಲ್ಲ. ಆಟಿಕೆಯಲ್ಲಿ ಸಾಮಾನ್ಯವಾಗಿ ದೊರೆಯುವುದು 8, 16, 24, 40 ಹಲ್ಲುಗಳ ಗಾಲಿಗಳು. ಅವನ್ನು ಎಷ್ಟೇ ಸರಣಿಯಲ್ಲಿ ಜೋಡಿಸಿದರೂ ವೇಗವು ಎರಡು, ಮೂರು, ಐದರ ಗುಣಾಕಾರ ಭಾಗಾಕಾರಗಳಲ್ಲೇ ಸುತ್ತುತ್ತದೆ. 19 ಬರುವುದಿಲ್ಲ, 127 ಬರುವುದಿಲ್ಲ, ಏಕೆಂದರೆ ಅವು ಅವಿಭಾಜ್ಯ ಸಂಖ್ಯೆಗಳು. ಗುಣಿಸಿ ಸಿಗದ್ದನ್ನು ಕೂಡಿಸಿ ಕಳೆದು ಪಡೆಯುವುದೇ ಕ್ಯಾರಲ್ ಕಂಡ ದಾರಿ. ಲಾರಿಯ ಹಿಂದಿನ ಅಚ್ಚಿನಲ್ಲಿರುವ ಡಿಫರೆನ್ಷಿಯಲ್ ಎಂಬ ಭಾಗವು ಎರಡು ದಂಡಗಳ ತಿರುಗಾಟವನ್ನು ಒಟ್ಟುಗೂಡಿಸಬಲ್ಲದು. ಎರಡನ್ನೇ ಮತ್ತೆಮತ್ತೆ ಗುಣಿಸಿದರೆ 128 ಸುಲಭವಾಗಿ ಬರುತ್ತದೆ. ಅದರಿಂದ ಒಂದು ಸುತ್ತನ್ನು ಕಳೆದರೆ 127! ಇಂಥ ಉಪಾಯಗಳಿಂದ, ನೂರಕ್ಕೂ ಹೆಚ್ಚು ಹಲ್ಲುಗಾಲಿಗಳನ್ನು ಹೂಡಿ, ಗ್ರಹಣಗಳನ್ನು ಮುಂಚಿತವಾಗಿ ತಿಳಿಸುವ ಯಂತ್ರವನ್ನು ಅವರು ನಿಲ್ಲಿಸಿದರು. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರ ಮಾತಿಗೆ ನಾನು ಬೆಲೆ ಕೊಡಲಾರೆ.

ಇಂಥ ಪ್ರತಿಭಾವಂತರನ್ನು ಕಂಪನಿ ಮೊದಮೊದಲು ಆದರಿಸಲಿಲ್ಲ. ಹೊರಗಿನವರ ಸಲಹೆ ತನಗೆ ಬೇಡವೆಂಬುದೇ ಅದರ ನಿಲುವಾಗಿತ್ತು. 1998ರಲ್ಲಿ ಗಣಕದಿಂದ ನಡೆಸುವ ‘ಮೈಂಡ್‌ಸ್ಟಾರ್ಮ್ಸ್’ ಮಾದರಿ ಮಾರುಕಟ್ಟೆಗೆ ಬಂದಾಗ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೆಕೋವಾ ಪ್ರೌಡ್‌ಫುಟ್ ಕೆಲವೇ ವಾರಗಳಲ್ಲಿ ಅದರ ಒಳಗುಟ್ಟನ್ನು ಬಿಡಿಸಿ ಎಲ್ಲರ ಮುಂದಿಟ್ಟರು. ನ್ಯಾಯಾಲಯಕ್ಕೆ ಹೋಗಬೇಕೇ ಎಂದು ಕಂಪನಿ ಯೋಚಿಸಿತು. ಕೊನೆಗೆ ವಿವೇಕ ಮೇಲುಗೈ ಪಡೆದು, ಹಾಗೆ ಬದಲಿಸಿಕೊಳ್ಳಲು ಅನುಮತಿಯನ್ನೇ ಕೊಟ್ಟಿತು. ಅದರ ಮುಂದಿನ ಆವೃತ್ತಿ 2006ರಲ್ಲಿ ಹೊರಬರುವ ಮೊದಲು ಅಮೆರಿಕದ ಕೆಲವು ಹವ್ಯಾಸಿಗಳನ್ನು ಗುಟ್ಟಾಗಿ ಕರೆಸಿ ಸಲಹೆ ಕೇಳಿತು. ಅವರು ವಿಮಾನದ ಖರ್ಚನ್ನು ತಾವೇ ಭರಿಸಿ ಬಿಲ್ಲುಂಡ್‌ಗೆ ಹೋದರು. ಪಡೆದ ಸಂಭಾವನೆ ಒಂದಿಷ್ಟು ಇಟ್ಟಿಗೆಗಳು ಮಾತ್ರ. ಪ್ರೀತಿಯ ದುಡಿಮೆಗೆ ಕೂಲಿ ಎಷ್ಟೆಂಬ ಪ್ರಶ್ನೆ ಆಗಲೇ ಎದ್ದಿತ್ತು.

ಈಗ ಅದಕ್ಕೊಂದು ವ್ಯವಸ್ಥೆಯಿದೆ. 2008ರಲ್ಲಿ ಜಪಾನಿನಲ್ಲಿ ಹುಟ್ಟಿ, 2014ರಲ್ಲಿ ‘ಲೆಗೊ ಐಡಿಯಾಸ್’ ಎಂಬ ಹೆಸರು ಪಡೆದ ಯೋಜನೆಯಂತೆ, ಹವ್ಯಾಸಿಯ ಮಾದರಿಗೆ ಹತ್ತು ಸಾವಿರ ಜನರ ಬೆಂಬಲ ದೊರೆತರೆ ಕಂಪನಿ ಅದನ್ನು ಪರಿಶೀಲಿಸುತ್ತದೆ. ಒಪ್ಪಿದರೆ ಪೆಟ್ಟಿಗೆಯಾಗಿ ಮಾರುತ್ತದೆ. ಚಂದ್ರಯಾತ್ರಿಗಳನ್ನು ಹೊತ್ತ ಸ್ಯಾಟರ್ನ್ 5 ರಾಕೆಟ್ಟಿನ ಮಾದರಿ ಹೀಗೆ 2017ರಲ್ಲಿ ಹೊರಬಂತು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ವರ್ಷದ ನೆನಪಿಗೆ ಅದರಲ್ಲಿ ಸರಿಯಾಗಿ 1969 ತುಂಡುಗಳು. ಮೂಲ ರಚನಕಾರರಿಗೆ ನಿವ್ವಳ ಮಾರಾಟದ ನೂರಕ್ಕೆ ಒಂದು ಪಾಲು ಸಲ್ಲುತ್ತದೆ. ಅಚ್ಚು, ಕಾರ್ಖಾನೆ, ಸಾಗಣೆ ಎಲ್ಲವೂ ಕಂಪನಿಯದೆಂಬುದು ನಿಜ. ಆದರೂ ಕಲ್ಪನೆಗೆ ಅದು ತೆರುವ ಬೆಲೆ ನನಗೆ ಕಡಿಮೆಯೆನಿಸುತ್ತದೆ.

ಬೆಲೆಯನ್ನೇ ಬಯಸದವರೂ ಇದ್ದರು. ಆಸ್ಟ್ರೇಲಿಯದ ಜೇಮ್ಸ್ ಜೆಸಿಮನ್ 1995ರಲ್ಲಿ, ಇಟ್ಟಿಗೆಯ ಮಾದರಿಗಳನ್ನು ಗಣಕದ ಪರದೆಯ ಮೇಲೆ ಕಟ್ಟಿನೋಡುವ ‘ಎಲ್‌ಡ್ರಾ’ ಎಂಬ ತಂತ್ರಾಂಶವನ್ನು ರಚಿಸಿ ಉಚಿತವಾಗಿ ಹಂಚಿದರು. ದುಬಾರಿ ತುಂಡುಗಳನ್ನು ಕೊಳ್ಳಲಾರದವನೂ ಇದರಿಂದ ಅರಮನೆ ಕಟ್ಟಬಹುದಾಯಿತು. ಜೆಸಿಮನ್ 1997ರಲ್ಲಿ, ಇನ್ನೂ ಕಿರಿಯ ವಯಸ್ಸಿನಲ್ಲೇ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸವನ್ನು ಎಂದೂ ಅವರ ಮುಖ ಕಾಣದ ಹವ್ಯಾಸಿಗಳು ಒಂದೊಂದು ತುಂಡಿನ ನಕ್ಷೆಯನ್ನೂ ಸೇರಿಸುತ್ತ ಇಂದಿಗೂ ಬೆಳೆಸುತ್ತಿದ್ದಾರೆ.

ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ನಡುವಿನ ಪರ್ವತಗಳಲ್ಲಿ ಅಂಡೋರಾ ಎಂಬ ಪುಟ್ಟ ರಾಜ್ಯವಿದೆ. ಅಲ್ಲಿಯ ದಾವೀದ್ ಅಗಿಲಾರ್ ಹುಟ್ಟಿನಿಂದಲೇ ಬಲ ಮುಂಗೈ ಇಲ್ಲದವರು. ಒಂಬತ್ತನೆಯ ವಯಸ್ಸಿನಲ್ಲಿ ಆಟದ ಇಟ್ಟಿಗೆಗಳಿಂದ ತನಗೊಂದು ಕೈ ಮಾಡಿಕೊಳ್ಳಲೆತ್ನಿಸಿದರು; ಅದು ನಿಲ್ಲಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ, ಹೆಲಿಕಾಪ್ಟರ್ ಕಟ್ಟಲೆಂದು ಬಂದಿದ್ದ ಪೆಟ್ಟಿಗೆಯ ತುಂಡುಗಳಿಂದ ಮತ್ತೆ ಕಟ್ಟಿದರು. ಈ ಸಲ ಮೊಣಕೈ ಮಡಿಯಿತು, ಬೆರಳುಗಳಂಥ ಕೊಂಡಿಗಳು ವಸ್ತುವನ್ನು ಹಿಡಿದವು. ಕೆಲಸ ಮಾಡಬಲ್ಲ ಮೊದಲ ಲೆಗೊ ಕೃತಕ ತೋಳೆಂದು ಗಿನ್ನೆಸ್ ದಾಖಲೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆ ಪೆಟ್ಟಿಗೆಯ ಕೈಪಿಡಿಯಲ್ಲಿ ಇದ್ದದ್ದು ಹೆಲಿಕಾಪ್ಟರ್ ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು.

ಅಗಿಲಾರ್ ಅನಂತರ ಬಾರ್ಸಿಲೋನಾದಲ್ಲಿ ಜೈವಿಕ ಎಂಜಿನಿಯರಿಂಗ್ ಓದಿದರು. ಹುಟ್ಟಿನಿಂದ ಕೈಗಳು ಬೆಳೆಯದ ಎಂಟು ವರ್ಷದ ಬಾಲಕನೊಬ್ಬನ ತಾಯಿ ಅವರನ್ನು ಸಂಪರ್ಕಿಸಿದಾಗ, ಅದೇ ಇಟ್ಟಿಗೆಗಳಿಂದ ಆ ಮಗುವಿನ ಅಳತೆಗೆ ತಕ್ಕ ತೋಳನ್ನು ಕಟ್ಟಿ ತೊಡಿಸಿದರು. ಬೆಳೆಯುವ ಮಕ್ಕಳಿಗೆ ಕೃತಕ ಅವಯವಗಳು ಬಹುಬೇಗ ಚಿಕ್ಕವಾಗಿ ಹೊಸದನ್ನು ಮಾಡಿಸಬೇಕಾಗುತ್ತದೆ. ಇಟ್ಟಿಗೆಯ ತೋಳಾದರೋ ಬಿಚ್ಚಿ, ನಾಲ್ಕು ತುಂಡು ಸೇರಿಸಿ, ಮತ್ತೆ ಕಟ್ಟಬಹುದು.