ದೂರವೂ ವೇಗವೂ: ಏಷ್ಯದ ವಿದ್ಯಾಜಾಲಗಳನ್ನು ಕುರಿತು ಒಂದು ವಿವೇಚನೆ

ಮಂಗಳೂರಿನ ಪಡೀಲಿನಲ್ಲಿ ಮೂರು ದಿಕ್ಕುಗಳ ರೈಲುಮಾರ್ಗಗಳು ಕೂಡುತ್ತವೆ: ತೆಂಕಣ ಕೇರಳದ್ದು, ಬಡಗಣ ಕೊಂಕಣದ್ದು, ಮೂಡಣ ಹಾಸನದ್ದು. 1979ರಲ್ಲಿ ತೆರೆದ ಹಾಸನದ ಮಾರ್ಗವು ಮೀಟರ್ ಗೇಜಿನದಾಗಿದ್ದಿತು; ಕೇರಳದ್ದು ಬ್ರಾಡ್ ಗೇಜು. ಗೇಜು ಬೇರೆಯಾದಲ್ಲಿ ಒಂದರ ಬಂಡಿ ಮತ್ತೊಂದರ ಮೇಲೆ ಓಡಲಾರದು. ಸರಕನ್ನು ಇಳಿಸಿ ಮರಳಿ ಏರಿಸಬೇಕು. 2006-07ರ ವೇಳೆಗೆ ಹಾಸನದ ಮಾರ್ಗವೂ ಬ್ರಾಡ್ ಗೇಜಾದ ಮೇಲೆಯೇ ಈ ತೊಡಕು ನೀಗಿತು. ಮಾರ್ಗದ ಸಾಮರ್ಥ್ಯವನ್ನು ನಿರ್ಣಯಿಸುವುದು ಅದರ ಅತಿ ದುರ್ಬಲವಾದ ಸಂಧಿಯೇ. ಈ ನಿಯಮವು ಮಾಹಿತಿಯ ಮಾರ್ಗಗಳಿಗೂ ಅನ್ವಯಿಸುತ್ತದೆ.

ಭಾರತದಲ್ಲಿ ವಿದ್ಯಾಸಂಸ್ಥೆಗಳ ಜಾಲಕ್ಕೆ 1986ರಲ್ಲಿ 'ಅರ್ನೆಟ್' ಯೋಜನೆಯಿಂದ ಆರಂಭವಾಯಿತು. ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಏಷ್ಯವನ್ನು ಯುರೋಪಿಗೆ ಜೋಡಿಸುವ ಟ್ರಾನ್ಸ್-ಯುರೇಷಿಯ ಜಾಲದ ಸಂಕಲ್ಪವು 2000ದ ಸೋಲ್ ಶೃಂಗಸಭೆಯಲ್ಲಿ ಮೂಡಿತು; 2001ರಲ್ಲಿ ಕೊರಿಯ-ಫ್ರಾನ್ಸ್ ಸಂಪರ್ಕವೇರ್ಪಟ್ಟಿತು; ಮೂರನೆಯ ಘಟ್ಟದಲ್ಲಿ ಭಾರತವೂ ಸೇರಿತು. 2010ರಲ್ಲಿ ಮಂಜೂರಾದ ರಾಷ್ಟ್ರೀಯ ಜ್ಞಾನಜಾಲವು ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯನ್ನೂ ಒಳಗೊಂಡಿತು. ಆದರೆ ಕರ್ನಾಟಕದ ಕರಾವಳಿಯಲ್ಲಿ ಸಾಗರದಾಚೆಯ ಕೇಬಲ್ಲು ದಡ ಸೇರುವ ನೆಲೆಯಿಲ್ಲ. ನಮ್ಮ ಮಾಹಿತಿಯು ಮುಂಬಯಿ, ಚೆನ್ನೈ, ಕೊಚ್ಚಿಯಂಥ ನೆಲೆಗಳನ್ನು ಹಾಯ್ದೇ ಹೊರದೇಶಕ್ಕೆ ಹೋಗಬೇಕು.

ಈಗ ಒಂದು ಲೆಕ್ಕವನ್ನು ನೋಡೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ಯುರೋಪಿನ ಒಂದು ಪ್ರಯೋಗಾಲಯಕ್ಕೆ ತಂತಿಯ ದೂರ 10,000 ಕಿಲೋಮೀಟರೆಂದು ಇಟ್ಟುಕೊಂಡರೆ, ಹೋಗಿ ಬರಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ಕಳುಹಿಸುವ ಯಂತ್ರವು ಒಂದು ಕಂತನ್ನು ಕಳುಹಿಸಿ, 'ತಲುಪಿತು' ಎಂಬ ರಸೀತಿ ಬರುವವರೆಗೆ ಕಾಯುತ್ತದೆ. ಹಳೆಯ ನಿಯಮದಂತೆ ಆ ಕಂತಿನ ಮಿತಿ 65,535 ಬೈಟುಗಳು, ಅಂದರೆ ಸುಮಾರು 5.24 ಲಕ್ಷ ಬಿಟ್ಟುಗಳು. ಸೆಕೆಂಡಿಗೆ ಹತ್ತು ಕಂತು ಹೋದರೆ ವೇಗ 5.24 ಮೆಗಾಬಿಟ್ ಮಾತ್ರ. ಮಾರ್ಗವು ಸೆಕೆಂಡಿಗೆ 1 ಗಿಗಾಬಿಟ್ಟಿನದಾಗಿದ್ದರೂ ಅದರ ಬಹುಭಾಗ ಬರಿದಾಗಿರುತ್ತದೆ! ಒಂದು ಟೆರಾಬೈಟ್ ಮಾಹಿತಿಯು ಎರಡು ಗಂಟೆ ಹದಿಮೂರು ನಿಮಿಷಗಳಲ್ಲಿ ಬರಬೇಕಾದಲ್ಲಿ, ಹದಿನೇಳು ದಿವಸಕ್ಕೂ ಮಿಕ್ಕ ಕಾಲವನ್ನು ತೆಗೆದುಕೊಳ್ಳುತ್ತದೆ.

ಪರಿಹಾರವೇನೆಂದರೆ, ಕಂತನ್ನು ದೂರಕ್ಕೆ ತಕ್ಕಂತೆ ಹಿಗ್ಗಿಸುವುದು. ಈ ಉದಾಹರಣೆಗೆ 1.25 ಕೋಟಿ ಬೈಟುಗಳ ಕಂತು ಬೇಕು. ಅದಕ್ಕೆ ವಿಧಾನವು 1992ರಲ್ಲಿಯೇ ನಿರೂಪಿತವಾಗಿದ್ದು, ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಅಡಕವಾಗಿದೆ. ಆದರೂ ನಡುವೆ ಒಂದು ಹಳೆಯ ಸಾಧನವೋ ತಪ್ಪಾಗಿ ಹೊಂದಿಸಿದ ಕಾವಲು ಯಂತ್ರವೋ ಇದ್ದರೆ ಇದು ಕೆಲಸ ಮಾಡದು. ಮಾರ್ಗದಲ್ಲಿ ಕೆಲವೇ ಕಂತುಗಳು ಕಳೆದುಹೋದರೂ ಯಂತ್ರವು ಹಿಂಜರಿದು ವೇಗವನ್ನು ಕುಗ್ಗಿಸಿಕೊಳ್ಳುತ್ತದೆ. ದೂರ ಹೆಚ್ಚಿದಷ್ಟೂ ಚೇತರಿಕೆಗೆ ಕಾಲ ಹೆಚ್ಚು. ಆದುದರಿಂದಲೇ ಸಂಶೋಧನಾ ಜಾಲಗಳು ಸಾಮಾನ್ಯ ಸಂದಣಿಯಿಂದ ಬೇರ್ಪಟ್ಟ ಮಾರ್ಗಗಳನ್ನು ಬಯಸುತ್ತವೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ದೇಶಾಂತರ ಮಾರ್ಗ ಎಷ್ಟೇ ವಿಶಾಲವಾಗಿರಲಿ, ಕಾಲೇಜಿನ ಬಾಗಿಲಿನಿಂದ ಪ್ರಧಾನ ಮಾರ್ಗದವರೆಗಿನ ಕೊಂಡಿ ಕಿರಿದಾಗಿದ್ದರೆ ವಿದ್ಯಾರ್ಥಿಗೆ ಫಲವಿಲ್ಲ. ಜ್ಞಾನಜಾಲದ ಹೊರಗುಳಿದ ಕಾಲೇಜುಗಳ ಅಧ್ಯಾಪಕರು ಪ್ರತಿಭೆಯಲ್ಲಿ ಹಿಂದುಳಿದವರಲ್ಲ. ಅವರ ಕೊರತೆ ಕೊಂಡಿಯದು. ದೊಡ್ಡ ಕಡತಗಳನ್ನು ಸಮೀಪದ ಸದಸ್ಯ ಸಂಸ್ಥೆಯಲ್ಲಿ ಇರಿಸಿ, ಗಣನೆಯನ್ನು ಅಲ್ಲಿಯೇ ನಡೆಸಿ, ಫಲಿತಾಂಶವನ್ನು ಮಾತ್ರ ತರಿಸಿಕೊಳ್ಳುವ ಏರ್ಪಾಡು ಸಾಧ್ಯ. ಸಂಸ್ಥೆಗಳ ನಡುವೆ ಒಪ್ಪಂದವಾದರೆ ಇದಕ್ಕೆ ಹೊಸ ಕೇಬಲ್ಲು ಬೇಕಿಲ್ಲ. ವೇಗಕ್ಕೆ ಹಣ ತೆರುವ ಮೊದಲು ನಮ್ಮ ಕಾಲೇಜುಗಳು ತಮ್ಮ ಅಂಗಳದ ಗೇಜನ್ನು ಅಳೆದು ನೋಡುವುದು ಲೇಸು.