ಕಾಲಡಿಗೊಂದು ಹಲಗೆ, ಕೈಯಲ್ಲೊಂದು ಹುಟ್ಟು

ಹವಾಯಿ ದ್ವೀಪಗಳ ರಾಜಧಾನಿ ಹೊನೊಲುಲು. ಅಲ್ಲಿನ ವೈಕೀಕಿ ಕಡಲ ದಂಡೆಯಲ್ಲಿ ಬೆಳಗಿನ ಎಳೆಬಿಸಿಲಿಗೆ ಒಂದು ಪಾಠಶಾಲೆ ತೆರೆದುಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ವಯಸ್ಸಿನ ಕಟ್ಟುಪಾಡಿಲ್ಲ. ಕಾಲೇಜು ಹುಡುಗಿಯ ಪಕ್ಕದಲ್ಲೇ ನಿವೃತ್ತ ಅಧಿಕಾರಿಯೊಬ್ಬ ನಿಂತಿರಬಹುದು. ಅವರೆದುರು ಮರಳಿನ ಮೇಲೆ 10-11 ಅಡಿ ಉದ್ದದ, ಎರಡೂವರೆ ಅಡಿಗೂ ಮಿಕ್ಕಿ ಅಗಲದ ಹಲಗೆಗಳು ಸಾಲಾಗಿ ಬಿದ್ದಿರುತ್ತವೆ. ಒಬ್ಬೊಬ್ಬರ ಕೈಯಲ್ಲೂ ಆಳೆತ್ತರವನ್ನು ಮೀರಿದ ಒಂದೊಂದು ಹುಟ್ಟು. ಗುರು ಮೊದಲು ಯಾರನ್ನೂ ನೀರಿಗೆ ಇಳಿಸುವುದಿಲ್ಲ. ಮರಳಿನಲ್ಲಿಟ್ಟ ಹಲಗೆಯ ಮೇಲೆಯೇ ಮಂಡಿಯೂರಲು ಹೇಳುತ್ತಾನೆ, ಆಮೇಲೆ ಎದ್ದು ನಿಲ್ಲಲು ಹೇಳುತ್ತಾನೆ. ಎಲ್ಲರೂ ಸಲೀಸಾಗಿ ನಿಲ್ಲುತ್ತಾರೆ, ಕೆಲವರು ನಗುತ್ತಾರೆ. ಕಾಲು ಗಂಟೆ ಕಳೆದು ಅದೇ ಹಲಗೆ ನೀರಿನ ಮೇಲೆ ತೇಲುವಾಗ ಆ ನಗು ಇರುವುದಿಲ್ಲ. ಒಂದು ವರ್ಷದ ಮಗುವಾಗಿದ್ದಾಗ ಕಲಿತ ವಿದ್ಯೆಯನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗಿ ಬಂದಿರುತ್ತದೆ.

ಈ ಆಟಕ್ಕೆ ಇಂದು ಜಗತ್ತಿನಾದ್ಯಂತ 'ಸ್ಟ್ಯಾಂಡಪ್ ಪ್ಯಾಡಲಿಂಗ್' ಎಂಬ ಹೆಸರು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಾ ಸಾಗುವುದು, ಅಷ್ಟೆ. ನೋಡುವವರಿಗೆ ಇದು ಹಣವಂತ ಪ್ರವಾಸಿಗರ ಹೊತ್ತು ಕಳೆಯುವ ಸಾಧನವೆನಿಸಬಹುದು. ಆದರೆ ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಹೇಳಿಕೊಡುವ ಈ ಪಾಠದ ಹಿಂದೆ, ರಾಜ್ಯವನ್ನು ಕಳೆದುಕೊಂಡ ಜನಾಂಗವೊಂದು ತನ್ನ ಕಡಲನ್ನು ಮಾತ್ರ ಕೈಬಿಡದೆ ಉಳಿಸಿಕೊಂಡ ಕಥೆಯಿದೆ.

ನೀರಿನ ಮೇಲೆ ನಿಲ್ಲುವ ಬಗೆ

ವೈಕೀಕಿಯ ನೀರು ಹೊಸಬರಿಗೆ ಒಗ್ಗುವುದಕ್ಕೆ ಕಾರಣಗಳಿವೆ. ದಡದಿಂದಾಚೆ ಹರಡಿರುವ ಹವಳದ ದಿಬ್ಬಗಳು ದೂರ ಸಾಗರದಿಂದ ಬರುವ ಅಲೆಗಳ ಕಸುವನ್ನು ಅಲ್ಲಿಯೇ ತಗ್ಗಿಸುತ್ತವೆ. ಉಬ್ಬರ ಇಳಿತಗಳ ಅಂತರವೂ ಇಲ್ಲಿ ಕಡಿಮೆ. ಉಷ್ಣವಲಯದ ಕಡಲಾದ್ದರಿಂದ ವರ್ಷವಿಡೀ ನೀರು ಬೆಚ್ಚಗಿರುತ್ತದೆ. ಹತ್ತು ಸಲ ಬಿದ್ದರೂ ಮೈ ನಡುಗುವುದಿಲ್ಲ. ಕಲಿಯುವವನಿಗೆ ಬೀಳುವ ಭಯ ಕಡಿಮೆಯಾದರೆ ಅರ್ಧ ಪಾಠ ಮುಗಿದಂತೆಯೇ.

ಮೊದಲ ಪಾಠ ಮಂಡಿಯೂರುವುದು. ಹಲಗೆ ಎಷ್ಟು ಅಗಲವಾಗಿರುತ್ತದೋ, ಅದರ ಮೇಲಿನ ಭಾರ ಎಷ್ಟು ಕೆಳಗಿರುತ್ತದೋ ಅಷ್ಟು ಅದು ಸ್ಥಿರ. ಮಂಡಿಯೂರಿದವನ ಗುರುತ್ವ ಕೇಂದ್ರ ತಗ್ಗಿನಲ್ಲಿರುವುದರಿಂದ ಹಲಗೆ ಅವನನ್ನು ಸುಲಭವಾಗಿ ಸಹಿಸಿಕೊಳ್ಳುತ್ತದೆ. ಆ ಹದ ಸಿಕ್ಕ ಮೇಲೆ ಒಂದೊಂದೇ ಪಾದವನ್ನು ಹಲಗೆಯ ನಡುಭಾಗಕ್ಕೆ ತಂದು ಏಳಬೇಕು. ಪಾದಗಳು ಸೊಂಟದಷ್ಟು ಅಂತರದಲ್ಲಿ, ಬೆರಳುಗಳು ಮುಂದಕ್ಕೆ, ಮಂಡಿಗಳು ತುಸು ಬಾಗಿ ಇರಬೇಕು. ಮಂಡಿಯನ್ನು ಬಿಗಿದು ನಿಂತವನು ಕಂಬದಂತೆ ಉರುಳುತ್ತಾನೆ.

ಏಳುತ್ತಿದ್ದಂತೆ ಎಲ್ಲರೂ ಮಾಡುವ ತಪ್ಪೊಂದಿದೆ. ತಮ್ಮ ಪಾದಗಳನ್ನೇ ನೋಡಿಕೊಳ್ಳುತ್ತಾರೆ. ಮನುಷ್ಯನ ಸಮತೋಲ ಮೂರು ಮೂಲಗಳಿಂದ ಬರುತ್ತದೆ: ಒಳಕಿವಿಯ ಅಂಗ, ಅಂಗಾಲು ಮತ್ತು ಕೀಲುಗಳಿಂದ ಬರುವ ಸ್ಪರ್ಶದ ಸುದ್ದಿ, ಕಣ್ಣಿನ ನೋಟ. ನೆಲ ಅಲುಗಾಡುವಾಗ ಅಂಗಾಲಿನ ಸುದ್ದಿಯನ್ನು ನೆಚ್ಚುವಂತಿಲ್ಲ. ಕೆಳಗೆ ನೋಡಿದರೆ ಕಣ್ಣಿಗೂ ಕಾಣುವುದು ಅಲುಗಾಡುವ ಹಲಗೆ, ಅಲುಗಾಡುವ ನೀರು. ಸಾಲದ್ದಕ್ಕೆ ತಲೆಯ ಭಾರವೂ ಮುಂದಕ್ಕೆ ವಾಲುತ್ತದೆ. ಆದ್ದರಿಂದಲೇ ಗುರು ದಿಗಂತವನ್ನು ನೋಡಲು ಹೇಳುವುದು. ಕಡಲಿನಲ್ಲಿ ಅಲುಗಾಡದೆ ಇರುವ ಗೆರೆ ಅದೊಂದೇ.

ಹುಟ್ಟಿನದೂ ಒಂದು ಸ್ವಾರಸ್ಯ. ಅದರ ಅಲಗು ಹಿಡಿಕೆಯ ನೇರಕ್ಕಿಲ್ಲದೆ ತುಸು ಓರೆಯಾಗಿ ಬಾಗಿರುತ್ತದೆ. ಹೊಸಬರು ಅದನ್ನು ಸೌಟಿನಂತೆ, ನೀರನ್ನು ತಮ್ಮ ಕಡೆಗೆ ಮೊಗೆಯುವ ಹಾಗೆ ಹಿಡಿಯುತ್ತಾರೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧ. ಅಲಗಿನ ಬಾಗು ಮುಂದಕ್ಕಿರಬೇಕು. ಹಾಗೆ ಹಿಡಿದಾಗ ಅಲಗು ಹೆಚ್ಚು ಹೊತ್ತು ನೀರಿನಲ್ಲಿ ನೆಟ್ಟಗೆ ನಿಂತು ತಳ್ಳುತ್ತದೆ. ತಪ್ಪಾಗಿ ಹಿಡಿದರೆ ಶಕ್ತಿಯೆಲ್ಲ ನೀರನ್ನು ಮೇಲಕ್ಕೆತ್ತುವುದರಲ್ಲೇ ಹೋಗುತ್ತದೆ. ಅಲಗು ನೀರಿನಲ್ಲಿರುವಷ್ಟು ಹೊತ್ತು ಅದು ನಿಂತವನಿಗೆ ಮೂರನೆಯ ಕಾಲಿನಂತೆ ಆಸರೆಯೂ ಹೌದು. ಹೆದರಿ ಹುಟ್ಟನ್ನು ಮೇಲಕ್ಕೆತ್ತಿ ಹಿಡಿದವನೇ ಮೊದಲು ಬೀಳುವವನು.

ಶಾಂತವಾಗಿ ಕಾಣುವ ಈ ನೀರಿನಲ್ಲಿ ಅಪಾಯವೇ ಇಲ್ಲವೆಂದಲ್ಲ. ಹವಾಯಿಯ ಮೇಲೆ ವರ್ಷದ ಬಹುಭಾಗ ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. ವೈಕೀಕಿ ಇರುವುದು ಒವಾಹು ದ್ವೀಪದ ದಕ್ಷಿಣ ದಂಡೆಯಲ್ಲಿ. ಹೀಗಾಗಿ ಗಾಳಿ ನೆಲದಿಂದ ಕಡಲಿನ ಕಡೆಗೆ ಹೋಗುತ್ತದೆ. ದಡದ ಬಳಿ ಕಟ್ಟಡಗಳ ಮರೆಯಲ್ಲಿ ಗಾಳಿ ತಿಳಿಯುವುದಿಲ್ಲ, ನೀರು ಕನ್ನಡಿಯಂತಿರುತ್ತದೆ. ಸ್ವಲ್ಪ ದೂರ ಹೋದೊಡನೆ ನಿಂತ ಮನುಷ್ಯನ ಮೈಯೇ ಹಾಯಿಯಾಗಿ, ಅವನಿಗೆ ಅರಿವಾಗುವ ಮೊದಲೇ ಹಲಗೆ ದಡ ಬಿಟ್ಟು ದೂರವಾಗಿರುತ್ತದೆ. ಗಾಳಿ ಬಲಗೊಳ್ಳುವ ಮೊದಲೇ, ಬೆಳಗಿನಲ್ಲೇ ಪಾಠ ಇಟ್ಟುಕೊಳ್ಳುವುದು ಇದಕ್ಕಾಗಿ. ಗಾಳಿಗೆ ಸಿಕ್ಕಿದವನು ಕುಳಿತೋ, ಮಲಗಿಯೋ ಹುಟ್ಟು ಹಾಕಬೇಕು. ಏನೇ ಆದರೂ ಹಲಗೆಯನ್ನು ಬಿಡಬಾರದು. ಕಾಲಿಗೆ ಕಟ್ಟಿದ ಹಗ್ಗ ಇರುವುದೂ ಅದಕ್ಕಾಗಿಯೇ. ಇನ್ನು ಬೀಳುವುದಾದರೆ ಹಲಗೆಯಿಂದ ದೂರಕ್ಕೆ, ಮೈ ಚಪ್ಪಟೆಯಾಗಿಸಿಕೊಂಡು ಬೀಳಬೇಕು. ಕೆಳಗೆ ನೀರು ಕಡಿಮೆಯಿದ್ದು ಹರಿತವಾದ ಹವಳವಿರಬಹುದು.

ಇಂಥ ತಿಳಿವಳಿಕೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಆ ದಂಡೆಯಲ್ಲಿ ತಲೆಮಾರುಗಳಿಂದ ಬಾಳಿದವರು ಗಾಳಿ, ಅಲೆ, ಹವಳಗಳನ್ನು ನೋಡಿ ನೋಡಿ ಕೂಡಿಟ್ಟದ್ದು.

ರಾಜ್ಯ ಹೋಯಿತು, ಕಡಲು ಉಳಿಯಿತು

ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1778ರಲ್ಲಿ ಹವಾಯಿಗೆ ಬಂದಾಗ ಅಲ್ಲಿನವರಿಗೆ ಹಲಗೆಯ ಮೇಲೆ ಅಲೆ ಸವಾರಿ ಮಾಡುವ ವಿದ್ಯೆ ಸಂಪೂರ್ಣ ಕರಗತವಾಗಿತ್ತು. ಅರಸು ಮನೆತನದವರು, ಸಾಮಾನ್ಯರು, ಹೆಂಗಸರು, ಮಕ್ಕಳು ಎಲ್ಲರೂ ಅಲೆಗೆ ಇಳಿಯುತ್ತಿದ್ದರು. ಹಲಗೆಗಳಲ್ಲೂ ಬಗೆಗಳಿದ್ದವು. ಅರಸರ ಉದ್ದನೆಯ 'ಓಲೋ' ಹಲಗೆಗೆ ಹಗುರವಾದ ವಿಲಿವಿಲಿ ಮರ. ಇದು ನಮ್ಮ ಮಲೆನಾಡಿನ ತೋಟಗಳ ಹಾಲುವಾಣದ ಕುಲಕ್ಕೆ ಸೇರಿದ್ದು. ತೆಳುವಾದ 'ಅಲಾಯಿಯಾ' ಹಲಗೆಯನ್ನು ಕೋವಾ ಮರದಿಂದ ಅಥವಾ ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಜೀಗುಜ್ಜೆಯ ಮರದಿಂದ ಮಾಡುತ್ತಿದ್ದರು.

ಮುಂದಿನ ನೂರು ವರ್ಷಗಳಲ್ಲಿ ಈ ವಿದ್ಯೆ ಬಹುಮಟ್ಟಿಗೆ ಸೊರಗಿತು. 1820ರಲ್ಲಿ ಬಂದ ಅಮೆರಿಕದ ಪಾದ್ರಿಗಳು ಇದನ್ನು ನಿಲ್ಲಿಸಿದರೆಂಬ ಮಾತು ಪ್ರಚಲಿತವಾಗಿದೆ. ಬರಿಮೈಯ ಜಲಕ್ರೀಡೆಯನ್ನೂ ಅದರ ಜೊತೆಗಿನ ಪಂದ್ಯ ಜೂಜುಗಳನ್ನೂ ಅವರು ಮೆಚ್ಚಲಿಲ್ಲವೆಂಬುದು ನಿಜ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹಡಗುಗಳಲ್ಲಿ ಬಂದ ರೋಗಗಳಿಂದ. ದಡಾರ, ಸಿಡುಬುಗಳ ಹೆಸರೇ ಕೇಳದಿದ್ದ ಜನ ಸಾಲುಸಾಲಾಗಿ ಸತ್ತರು. ಕುಕ್ ಬಂದಾಗ ಲಕ್ಷಗಳಲ್ಲಿದ್ದ ಮೂಲನಿವಾಸಿಗಳ ಸಂಖ್ಯೆ 1890ರ ಜನಗಣತಿಯ ವೇಳೆಗೆ, ಮಿಶ್ರ ಸಂತಾನದವರೂ ಸೇರಿ, ಸುಮಾರು 40,000ಕ್ಕೆ ಇಳಿದಿತ್ತು. ಕಲಿಸಬೇಕಾದವರೂ ಕಲಿಯಬೇಕಾದವರೂ ಇಲ್ಲವಾದಾಗ ವಿದ್ಯೆ ಸೊರಗುವುದಕ್ಕೆ ಬೇರೆ ನಿಷೇಧ ಬೇಕಾಗಿಲ್ಲ.

1893ರ ಜನವರಿಯಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಬಿಳಿಯ ವ್ಯಾಪಾರಸ್ಥರ ಗುಂಪೊಂದು ಅಮೆರಿಕದ ಸೈನಿಕರ ಬೆಂಬಲದಿಂದ ಸಿಂಹಾಸನದಿಂದ ಇಳಿಸಿತು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿಹೋದವು. ನೂರು ವರ್ಷಗಳ ನಂತರ, 1993ರಲ್ಲಿ, ಅಮೆರಿಕದ ಸಂಸತ್ತು ಈ ಕೃತ್ಯಕ್ಕಾಗಿ ನಿರ್ಣಯದ ಮೂಲಕ ಕ್ಷಮೆ ಕೇಳಿತು. ರಾಜ್ಯ ಮಾತ್ರ ಮರಳಲಿಲ್ಲ.

ವೈಕೀಕಿಯಲ್ಲಿ 1901ರಲ್ಲಿ ಮೋವಾನಾ ಹೋಟೆಲು ತೆರೆಯಿತು. ಹಡಗುಗಳಲ್ಲಿ ಸಿರಿವಂತ ಪ್ರವಾಸಿಗರು ಬರತೊಡಗಿದರು. 1907ರಲ್ಲಿ ಬಂದ ಕಾದಂಬರಿಕಾರ ಜಾಕ್ ಲಂಡನ್ ಅಲೆ ಸವಾರಿಯನ್ನು ಕಂಡು ಬೆರಗಾಗಿ ಬರೆದ ಲೇಖನ ಹೊರಜಗತ್ತಿನ ಕುತೂಹಲ ಕೆರಳಿಸಿತು. ಮರುವರ್ಷ ಈ ಕ್ರೀಡೆಗಳಿಗೆಂದು ಔಟ್‌ರಿಗ್ಗರ್ ಕನೂ ಕ್ಲಬ್ ಹುಟ್ಟಿತು. ಅದರ ಸದಸ್ಯರಲ್ಲಿ ಹೆಚ್ಚಿನವರು ಬಿಳಿಯರು. ಮೂಲನಿವಾಸಿಗಳ ಬಳಗ 1911ರಲ್ಲಿ 'ಹುಯಿ ನಾಲು' ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡಿತು. ಹಾಗೆಂದರೆ ಅಲೆಗಳ ಕೂಟ. ಅದರ ಮುಂದಾಳುಗಳಲ್ಲಿ ಒಬ್ಬನಾದ ಡ್ಯೂಕ್ ಕಹನಮೋಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದ. ಗೆದ್ದದ್ದು ಅಮೆರಿಕದ ಹೆಸರಿನಲ್ಲಿ.

ಈ ಬಳಗದ ಅನೇಕರು ಹೋಟೆಲುಗಳ ಅತಿಥಿಗಳಿಗೆ ಅಲೆ ಸವಾರಿ ಕಲಿಸುವುದನ್ನೇ ಜೀವನೋಪಾಯ ಮಾಡಿಕೊಂಡರು. ದೋಣಿ ನಡೆಸುವುದು, ಮುಳುಗುವವರನ್ನು ಎತ್ತಿ ತರುವುದು, ಸಂಜೆ ವಾದ್ಯ ನುಡಿಸಿ ಹಾಡುವುದು ಎಲ್ಲವೂ ಅವರ ಕೆಲಸವೇ. ಅವರಿಗೆ ಬಿದ್ದ ಹೆಸರು 'ಬೀಚ್ ಬಾಯ್ಸ್'. ನಮ್ಮಲ್ಲಿಯೂ ಬ್ರಿಟಿಷರ ಕಾಲದ ಕ್ಲಬ್ಬುಗಳಲ್ಲಿ ತಲೆ ನರೆತ ಪರಿಚಾರಕನನ್ನು 'ಬಾಯ್' ಎಂದೇ ಕೂಗುತ್ತಿದ್ದುದನ್ನು ನೆನೆದರೆ ಈ ಹೆಸರಿನ ಹಿಂದಿನ ಮನೋಭಾವ ಅರ್ಥವಾಗುತ್ತದೆ. ಆದರೆ ವಿಚಿತ್ರವೆಂದರೆ, ದಡದ ಮೇಲೆ ಆಳಾಗಿದ್ದವನು ನೀರಿಗೆ ಇಳಿದೊಡನೆ ಗುರುವಾಗುತ್ತಿದ್ದ. ಎಂಥ ಕೋಟ್ಯಧೀಶನೂ ಅವನು ಹೇಳಿದಾಗ ಏಳಬೇಕು, ಹೇಳಿದಾಗ ಮಂಡಿಯೂರಬೇಕು.

ಗುರುವಿನ ಕೈಗೆ ಹುಟ್ಟು

ನಿಂತು ಹುಟ್ಟು ಹಾಕುವ ಪದ್ಧತಿಗೂ ಈ ಪಾಠಗಳಿಗೂ ನೇರ ಸಂಬಂಧವಿದೆ. ಹಲಗೆಯ ಮೇಲೆ ಮಲಗಿ ಕೈಯಿಂದ ನೀರು ತಳ್ಳುತ್ತಿದ್ದರೆ ಹತ್ತು ಜನ ಶಿಷ್ಯರ ಮೇಲೆ ಕಣ್ಣಿಡುವುದು ಕಷ್ಟ, ದೂರದಿಂದ ಬರುವ ಅಲೆಯೂ ಕಾಣುವುದಿಲ್ಲ. ಆದ್ದರಿಂದ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವೈಕೀಕಿಯ ಕೆಲವರು ದೊಡ್ಡ ಹಲಗೆಯ ಮೇಲೆ ನಿಂತು ದೋಣಿಯ ಹುಟ್ಟನ್ನೇ ಹಾಕತೊಡಗಿದರು. ಶಿಷ್ಯರ ಫೋಟೋ ತೆಗೆದು ಕೊಡುವುದಕ್ಕೂ ಇದು ಅನುಕೂಲವಾಯಿತು, ಕ್ಯಾಮೆರಾ ನೆನೆಯುತ್ತಿರಲಿಲ್ಲ. ಆಹ್ ಚೋಯ್ ಎಂಬ ಕುಟುಂಬದವರ ಹೆಸರು ಈ ಸಂದರ್ಭದಲ್ಲಿ ಮುಖ್ಯವಾಗಿ ಕೇಳಿಬರುತ್ತದೆ. ಮುಂದೆ 1990ರ ದಶಕದಲ್ಲಿ ಮಾವುಯಿ ದ್ವೀಪದಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಎಂಬ ಹೆಸರಾಂತ ಅಲೆ ಸವಾರರು, ಅಲೆಗಳಿಲ್ಲದ ದಿನಗಳ ವ್ಯಾಯಾಮಕ್ಕೆಂದು ಇದನ್ನು ಮತ್ತೆ ಕೈಗೆತ್ತಿಕೊಂಡರು. ಹುಟ್ಟು ಉದ್ದವಾಯಿತು, ಹಲಗೆ ಅಗಲವಾಯಿತು. ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ, ಮುಂದೆ ಜಗತ್ತಿನ ಕೆರೆ ನದಿಗಳಿಗೂ ಹಬ್ಬಿತು.

ನಿಂತು ದೋಣಿ ನಡೆಸುವುದು ಹವಾಯಿಯವರೊಬ್ಬರ ಸೊತ್ತೇನಲ್ಲ. ನಮ್ಮ ಪೂರ್ವ ಕರಾವಳಿಯ ಕಟ್ಟುಮರದ ಬೆಸ್ತರೂ ಮಂಡಿಯೂರಿ, ಎದ್ದು ನಿಂತು ಹುಟ್ಟು ಹಾಕಿದವರೇ. ಆದರೆ ಇಂದಿನ ಆಟದ ಹಲಗೆ, ಭಂಗಿ, ಪಾಠದ ಕ್ರಮ ಮೂರೂ ವೈಕೀಕಿಯ ಬಳುವಳಿ.

ಆಟ ಬೆಳೆದಂತೆ ಜಗಳವೂ ಬಂತು. ಇದು ಹಲಗೆಯೋ ದೋಣಿಯೋ? ಅಮೆರಿಕದ ಕೋಸ್ಟ್ ಗಾರ್ಡ್ 2008ರಲ್ಲಿ, ಈಜುವ ಮತ್ತು ಅಲೆ ಸವಾರಿಯ ಪ್ರದೇಶದಿಂದ ಆಚೆ ಹೋದರೆ ಇದು ದೋಣಿಯೇ, ಜೀವರಕ್ಷಕ ಕವಚ ಇರಲೇಬೇಕು ಎಂದು ತೀರ್ಮಾನಿಸಿತು. ಮುಂದೆ ಒಲಿಂಪಿಕ್ಸ್ ಮಟ್ಟದಲ್ಲಿ ಈ ಕ್ರೀಡೆಯ ಆಡಳಿತ ಯಾರದೆಂದು ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಗೂ ಕನೂ ಒಕ್ಕೂಟಕ್ಕೂ ವ್ಯಾಜ್ಯ ಹತ್ತಿತು. 2020ರ ಆಗಸ್ಟಿನಲ್ಲಿ ಕ್ರೀಡಾ ನ್ಯಾಯಮಂಡಳಿ ಸರ್ಫಿಂಗ್ ಸಂಸ್ಥೆಯ ಪರವಾಗಿ ತೀರ್ಪಿತ್ತಿತು. ಹಲಗೆಯನ್ನು ಕಡೆದ ಜನಾಂಗ ಮಾತ್ರ ಈ ವ್ಯಾಜ್ಯದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ.

ನಮ್ಮ ಕರಾವಳಿಗೂ ಈ ಹಲಗೆ ಬಂದಿದೆ. ಮೂಲ್ಕಿಯ ಬಳಿ ಶಾಂಭವಿ ಹೊಳೆಯ ಹಿನ್ನೀರಿನಲ್ಲಿ ಹೊಸಬರು ನಿಲ್ಲುವುದನ್ನು ಕಲಿಯುತ್ತಾರೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವೆಡೆಯ ಸಸಿಹಿತ್ಲಿನಲ್ಲಿ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಮಟ್ಟದ ಸ್ಪರ್ಧೆಯೂ ನಡೆಯಿತು. ಅಲ್ಲಿಯೂ ಗಾಳಿಯ ದಿಕ್ಕು, ಅಳಿವೆಯ ಸೆಳೆತ, ಕಡಲಿಗೆ ಇಳಿಯಬಾರದ ಮಳೆಗಾಲದ ದಿನಗಳು ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ತಿಳಿದಿರುವುದು ಊರಿನ ಮೊಗವೀರರಿಗೆ. ಅವರ ಮಕ್ಕಳು ಈ ದಂಡೆಯಲ್ಲಿ ಗುರುಗಳಾಗುತ್ತಾರೋ, ಹಲಗೆ ಹೊರುವ 'ಬಾಯ್'ಗಳಾಗುತ್ತಾರೋ ಎಂಬುದು ಪ್ರವಾಸೋದ್ಯಮ ಹಿಡಿಯುವ ದಾರಿಯನ್ನು ಅವಲಂಬಿಸಿದೆ. ವೈಕೀಕಿಯ ಕಥೆಯಲ್ಲಿ ಎರಡಕ್ಕೂ ನಿದರ್ಶನವಿದೆ.

ವೈಕೀಕಿಯ ದಂಡೆಯಲ್ಲಿ 1990ರಲ್ಲಿ ಡ್ಯೂಕ್ ಕಹನಮೋಕುವಿನ ಕಂಚಿನ ಪ್ರತಿಮೆ ನಿಲ್ಲಿಸಿದರು. ಎರಡೂ ಕೈ ಚಾಚಿ, ಹಿಂದೆ ತನ್ನ ಹಲಗೆಯನ್ನು ಇರಿಸಿಕೊಂಡು, ಆತ ರಸ್ತೆಯ ಕಡೆಗೆ ಮುಖ ಮಾಡಿ ನಿಂತಿದ್ದಾನೆ. ಕಡಲು ಬಲ್ಲವನು ಎಂದೂ ಕಡಲಿಗೆ ಬೆನ್ನು ಹಾಕುವುದಿಲ್ಲ ಎಂದು ಸ್ಥಳೀಯರು ಆಗಲೇ ಆಕ್ಷೇಪಿಸಿದ್ದರು. ಪ್ರತಿಮೆ ತಿರುಗಲಿಲ್ಲ. ಬರುವವರು ಅದರ ಕೊರಳಿಗೆ ಹೂಮಾಲೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಬೆನ್ನ ಹಿಂದಿನ ನೀರಿನಲ್ಲಿ, ಮಂಡಿ ನಡುಗುತ್ತಾ ಎದ್ದ ಹೊಸಬನೊಬ್ಬನಿಗೆ ಗುರು ಕೂಗಿ ಹೇಳುತ್ತಿರುತ್ತಾನೆ: ಕಾಲು ನೋಡಬೇಡ, ದಿಗಂತ ನೋಡು.