ಕಿಟಕಿಯ ಸಲಕರಣೆಯೂ ಆಟದ ಚಿತ್ರಣವೂ: ಕನ್ನಡಾಕ್ಷರದ ದೃಷ್ಟಿಯಿಂದ ಒಂದು ವಿಚಾರ

ಮಣಿಪಾಲದಲ್ಲಿ ವ್ಯಾಸಂಗಮಾಡುತ್ತಿದ್ದ ತರುಣನೊಬ್ಬನು ತಾನು ರಚಿಸಿದ ತಂತ್ರಾಂಶದ ಕನ್ನಡವನ್ನು ತಿದ್ದಿಕೊಡಬೇಕೆಂದು ಹಿಂದೊಮ್ಮೆ ನನ್ನಲ್ಲಿಗೆ ಬಂದನು. ಉಡುಪಿಯ ಸೀಮೆಯ ಪ್ರೇಕ್ಷಣೀಯ ಸ್ಥಳಗಳನ್ನು ಆಟದ ರೀತಿಯ ಘನಚಿತ್ರಗಳಾಗಿ ತೋರಿಸುವುದು ಅದರ ಉದ್ದೇಶ. 1432ರಲ್ಲಿ ಪ್ರತಿಷ್ಠಿತವಾದ ಕಾರ್ಕಳದ 42 ಅಡಿಯ ಗೊಮ್ಮಟಮೂರ್ತಿಯನ್ನು ಸುತ್ತಿ ನೋಡಬಹುದು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ತುದಿಗೆ ಏರಬಹುದು. ಕಿಟಕಿಯ ಎಡಬದಿಯ ಪಟ್ಟಿಯಲ್ಲಿ ‘ಕಾರ್ಕಳ’ ಎಂಬ ಹೆಸರು ಶುದ್ಧವಾಗಿಯೇ ಇದ್ದಿತು. ಅದೇ ಹೆಸರು ಮೂರ್ತಿಯ ಪಾದದ ಬಳಿ, ಚಿತ್ರದ ಒಳಗೆ ಬಂದಾಗ, ರಕಾರ ಬೇರೆ, ಹಲಂತಚಿಹ್ನೆ ಬೇರೆ, ಕಕಾರ ಬೇರೆಯಾಗಿ ಒಡೆದು ನಿಂತಿದ್ದಿತು. ಒಂದೇ ಕಿಟಕಿ, ಒಂದೇ ಪದ, ಒಂದೇ ಲಿಪಿಯ ಕಡತ; ಒಂದೆಡೆ ಸಾಧುವಾದುದು ಇನ್ನೊಂದೆಡೆ ಅಸಾಧುವಾದುದೇಕೆ? ಈ ಶಂಕೆಯ ಪರಿಹಾರವೇ ಪ್ರಕೃತ ಲೇಖನದ ವಿಷಯ.

ಇಂಥ ಕಿಟಕಿಯಲ್ಲಿ ಎರಡು ಅಧಿಕಾರಗಳು ಸೇರಿರುವುವು. ಮೊದಲನೆಯದು ಗುಂಡಿ, ಪಟ್ಟಿ, ಬರೆಯುವ ಚೌಕ ಮೊದಲಾದುವನ್ನು ಸಿದ್ಧವಾಗಿ ಒದಗಿಸುವ ಟೂಲ್‌ಕಿಟ್. ನಾರ್ವೆಯಲ್ಲಿ ಹುಟ್ಟಿ 1995ರಲ್ಲಿ ಲೋಕಕ್ಕೆ ಬಂದ ಕ್ಯೂಟಿ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಎರಡನೆಯದು ಚಿತ್ರಣಯಂತ್ರದೊಡನೆ, ಎಂದರೆ ಜಿಪಿಯುವಿನೊಡನೆ, ಬಹು ಸಮೀಪದಿಂದ ವ್ಯವಹರಿಸುವ ಭಾಷೆ. 1992ರ ಓಪನ್‌ಜಿಎಲ್, 2016ರ ವಲ್ಕನ್ ಮೊದಲಾದುವು ಈ ವರ್ಗದವು. ಈ ಎರಡನೆಯದು ಬಲ್ಲುದು ತ್ರಿಕೋಣಗಳನ್ನೂ ಅವುಗಳ ಮೇಲೆ ಹೊದಿಸುವ ಟೆಕ್ಸ್ಚರ್ ಎಂಬ ಚಿತ್ರಪಟವನ್ನೂ ಮಾತ್ರ. ಅಕ್ಷರವೆಂಬ ಪದಾರ್ಥವೇ ಅದಕ್ಕೆ ತಿಳಿಯದು.

ಇವೆರಡರ ಮೊದಲನೆಯ ಕಲಹವು ಕಾಲದ ವಿಷಯದ್ದು. ಆಟದ ತಂತ್ರಾಂಶವು ‘ಓದು, ಲೆಕ್ಕಹಾಕು, ಚಿತ್ರಿಸು’ ಎಂಬ ಆವರ್ತವನ್ನು ತಾನೇ ಎಡೆಬಿಡದೆ ನಡೆಸಬಯಸುವುದು. ಸೆಕೆಂಡಿಗೆ 60 ಚಿತ್ರಗಳಾಗಬೇಕಾದರೆ ಒಂದೊಂದಕ್ಕೆ ದೊರೆಯುವ ಅವಕಾಶವು 16.67 ಮಿಲಿಸೆಕೆಂಡು ಮಾತ್ರ. ಟೂಲ್‌ಕಿಟ್ಟಾದರೋ ಇಲಿಯ ಕ್ಲಿಕ್ಕು, ಕೀಲಿಯ ಒತ್ತು ಇವುಗಳಿಗಾಗಿ ಕಾಯುವ ತನ್ನದೇ ಆವರ್ತವುಳ್ಳುದು. ಒಂದೇ ಎಳೆಯಲ್ಲಿ ಇಬ್ಬರೂ ಆವರ್ತವನ್ನು ಹಿಡಿದರೆ ಗುಂಡಿಗಳು ಸ್ತಬ್ಧವಾಗುವುವು, ಇಲ್ಲವೆ ಮೂರ್ತಿಯು ನಿಲ್ಲುವುದು. ನಮ್ಮ ಕಡೆಯ ಯಕ್ಷಗಾನವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ವೇಷಧಾರಿಯು ಎಷ್ಟೇ ಸಮರ್ಥನಾಗಿರಲಿ, ರಂಗವನ್ನು ನಡೆಸುವವನು ಭಾಗವತನೇ. ಅವನು ಪದವನ್ನೆತ್ತಿದಾಗ ಇವನು ಕುಣಿಯುವನು. ಇಲ್ಲಿಯೂ ಟೂಲ್‌ಕಿಟ್ಟೇ ಭಾಗವತಸ್ಥಾನದಲ್ಲಿರತಕ್ಕುದು. ಅದು ಕರೆದಾಗ ಆಟವು ಒಂದು ಚಿತ್ರವನ್ನು ಬರೆದು, ಮುಂದಿನದಕ್ಕೆ ಮತ್ತೆ ಕರೆಯಬೇಕೆಂದು ಬಿನ್ನವಿಸಿ ಹಿಂದಿರುಗಬೇಕು.

ಎರಡನೆಯ ಕಲಹವು ಸ್ಥಲದ್ದು. ಆಟವು ಆಳವನ್ನು ಪರೀಕ್ಷಿಸುವ ನಿಯಮ ಮೊದಲಾದುವನ್ನು ಜಾರಿಯಲ್ಲಿಟ್ಟು ಹಾಗೆಯೇ ಬಿಟ್ಟುಹೋದರೆ, ಅನಂತರ ಟೂಲ್‌ಕಿಟ್ ಬರೆದ ಗುಂಡಿಗಳು ಕಾಣದೆಹೋಗಬಹುದು. ಆದುದರಿಂದ ಆಟವು ಮರೆಯಲ್ಲಿರುವ ತನ್ನದೇ ಪಟದ ಮೇಲೆ ಬರೆಯುವುದು, ಆ ಪಟವನ್ನು ಟೂಲ್‌ಕಿಟ್ಟು ಕಿಟಕಿಯಲ್ಲಿ ಅಂಟಿಸುವುದು, ಎಂಬ ಕ್ರಮವು ಏರ್ಪಟ್ಟಿದೆ. ಕ್ಯೂಟಿಯಲ್ಲಿ ಓಪನ್‌ಜಿಎಲ್ಲಿಗಾಗಿ 2014ರಲ್ಲಿಯೂ, ವಲ್ಕನ್ ಮೊದಲಾದುವನ್ನೂ ಒಳಗೊಳ್ಳುವಂತೆ 2024ರಲ್ಲಿಯೂ ಇದಕ್ಕೆ ತಕ್ಕ ಅಂಗಗಳು ಬಂದುವು. ಈ ವಿಷಯವು ಯಂತ್ರಜ್ಞರಿಗೆ ಸುಪರಿಚಿತವಾದುದರಿಂದ ಇಷ್ಟು ಸಾಕು.

ಇನ್ನು ಅಕ್ಷರದ ಮಾತು. ‘ಕಾರ್ಕಳ’ ಎಂಬ ಪದವು ಕಡತದಲ್ಲಿ ಆರು ಸಂಕೇತಗಳಾಗಿ ಕೂತಿರುವುದು: ಕಕಾರ, ದೀರ್ಘದ ಚಿಹ್ನೆ, ರಕಾರ, ಹಲಂತಚಿಹ್ನೆ, ಮತ್ತೊಂದು ಕಕಾರ, ಳಕಾರ. ಇದು ಉಚ್ಚಾರಣೆಯ ಕ್ರಮ. ಲೇಖನದ ಕ್ರಮವು ಬೇರೆ. ಮೊದಲು ಉಚ್ಚರಿಸಲ್ಪಡುವ ರಕಾರವು ಅರ್ಕಾವೊತ್ತಾಗಿ ಎರಡನೆಯ ಕಕಾರದ ಬಲಕ್ಕೆ ಬರುವುದು. ರಕಾರವನ್ನು ಪೂರ್ಣವಾಗಿ ಬರೆದು ಕಕಾರವನ್ನೇ ಒತ್ತಾಗಿಸುವ ಪದ್ಧತಿಯೂ ಉಂಟು. ಅದಕ್ಕೆ ನಡುವೆ ಒಂದು ಅದೃಶ್ಯಸಂಕೇತವನ್ನಿಡಬೇಕು. ‘ಕಾಪು’ವಿನಲ್ಲಿಯೂ ಸೂಕ್ಷ್ಮವಿದೆ. ಪಕಾರ ವಕಾರಗಳಿಗೆ ಬರುವ ಕೊಂಬು ಇತರ ವ್ಯಂಜನಗಳ ಕೊಂಬಿನಂತೆ ಪಕ್ಕದಲ್ಲಿ ನಿಲ್ಲದೆ ಕೆಳಗೆ ಇಳಿಯುವುದು; ಇಲ್ಲದಿದ್ದರೆ ‘ವು’ ಎಂಬುದಕ್ಕೂ ‘ಮ’ ಎಂಬುದಕ್ಕೂ ಭೇದವೇ ತೋರದು. ‘ಉಡುಪಿ’ಯ ಕೊನೆಯಲ್ಲಿ ಪಕಾರವು ತಲೆಕಟ್ಟನ್ನು ಬಿಟ್ಟು ಗುಡಿಸನ್ನು ಧರಿಸುವುದು.

ಈ ಆದೇಶ, ಆಗಮ, ಸ್ಥಾನಪಲ್ಲಟಗಳನ್ನೆಲ್ಲ ಹಿಂದೆ ಅಚ್ಚುಮೊಳೆ ಜೋಡಿಸುವವನ ಕೈಯೇ ಬಲ್ಲುದಾಗಿತ್ತು. ಈಗ ಆ ಕೆಲಸವನ್ನು ಹಾರ್ಫ್‌ಬಜ್ ಮೊದಲಾದ ಅಕ್ಷರಯೋಜಕಗಳು, ಲಿಪಿಯ ಕಡತದಲ್ಲಿಯೇ ಅಡಗಿರುವ ಸೂತ್ರಗಳನ್ನು ಕ್ರಮವಾಗಿ ಅನ್ವಯಿಸಿ ಮಾಡುವುವು. ಕ್ಯೂಟಿಯ ಒಳಗೆ ಹಾರ್ಫ್‌ಬಜ್ ಇದೆ. ಆದುದರಿಂದಲೇ ಎಡಬದಿಯ ಪಟ್ಟಿ ಶುದ್ಧವಾಗಿದ್ದಿತು. ನಮ್ಮ ತರುಣನಾದರೋ ಚಿತ್ರದೊಳಗಿನ ಬರಹಕ್ಕೆ, ಇಂಗ್ಲಿಷಿನ ಆಟಗಳನ್ನು ಅನುಸರಿಸಿ, ಸಂಕೇತಕ್ಕೊಂದರಂತೆ ಆಕಾರಗಳ ಪಟವನ್ನು ಮಾಡಿಕೊಂಡು ಸಾಲಾಗಿ ಇಟ್ಟಿದ್ದನು. ಯೂನಿಕೋಡಿನಲ್ಲಿ ಕನ್ನಡಕ್ಕೆ ದೊರೆತಿರುವುದು 128 ಸ್ಥಾನಗಳು; ಅವುಗಳಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಆ ಪಟದಲ್ಲಿ ಅರ್ಕಾವೊತ್ತು ಇರಲೇ ಇಲ್ಲ. ಇಲ್ಲದುದು ಬರುವುದೆಂತು?

ಹಾಗಾದರೆ ಅಕ್ಷರಗಳನ್ನೆಲ್ಲ ಟೂಲ್‌ಕಿಟ್ಟೇ ಚಿತ್ರದ ಮೇಲೆ ಬರೆದರಾಗದೆ ಎಂದರೆ, ಪಟ್ಟಿ, ಅಂಕ, ಸೂಚನೆ ಇವುಗಳಿಗೆ ಧಾರಾಳವಾಗಿ ಆಗುವುದು. ಆದರೆ ಶಿಲೆಯ ಮೇಲೆ ಕೆತ್ತಿದಂತೆ ತೋರಬೇಕಾದ ಹೆಸರು, ನೋಡುವವನು ಹಿಂದಕ್ಕೆ ಸುತ್ತಿಹೋದಾಗಲೂ ಮೂರ್ತಿಯ ಮೈಮೇಲೆಯೇ ತೇಲುತ್ತಿದ್ದರೆ ಹಾಸ್ಯಾಸ್ಪದವಾಗುವುದು. ಅಂಥಲ್ಲಿ ಟೂಲ್‌ಕಿಟ್ಟಿನಿಂದಲೇ ಇಡೀ ಪದವನ್ನು ಒಂದು ಪಾರದರ್ಶಕ ಚಿತ್ರವಾಗಿ ಬರೆಯಿಸಿ, ಅದನ್ನು ಟೆಕ್ಸ್ಚರಾಗಿ ಆಟಕ್ಕೆ ಕೊಡುವುದು ಸರಿಯಾದ ಮಾರ್ಗ. ಪದವು ಬದಲಾದಾಗ ಮಾತ್ರ ಈ ಕೆಲಸ ನಡೆಯುವುದರಿಂದ 16 ಮಿಲಿಸೆಕೆಂಡಿನ ಲೆಕ್ಕಕ್ಕೆ ಹೆಚ್ಚಿನ ಭಾರವಿಲ್ಲ. ಬರಹವು ಬಹಳವಾಗಿದ್ದರೆ ಅಕ್ಷರಯೋಜಕವನ್ನೇ ನೇರವಾಗಿ ಕೇಳಿ, ಅದು ಕೊಟ್ಟ ಆಕಾರದ ಸಂಖ್ಯೆಯನ್ನನುಸರಿಸಿ ಪಟವನ್ನು ಕಟ್ಟಬೇಕು. ಯೂನಿಕೋಡಿನ ಸಂಖ್ಯೆಯನ್ನನುಸರಿಸಿ ಕಟ್ಟಬಾರದು.

1996ರಲ್ಲಿ ರೋಬೋಸಾಫ್ಟ್ ಸಂಸ್ಥೆಯು ಆರಂಭವಾದುದೂ, ಅನಂತರ ನೈಂಟಿನೈನ್ ಗೇಮ್ಸ್ ಸಂಸ್ಥೆಯು ಆಟಗಳನ್ನು ರಚಿಸಿ ದೇಶಾಂತರಗಳಿಗೆ ಕಳುಹಿಸಿದುದೂ ಉಡುಪಿಯಿಂದಲೇ. ಇಂಥ ಊರಿನ ಮಕ್ಕಳು ಆಟದೊಳಗೆ ತಮ್ಮ ಊರಿನ ಹೆಸರನ್ನೇ ಒಡೆದ ರೂಪದಲ್ಲಿ ಓದಿ, ಕನ್ನಡವು ಯಂತ್ರಕ್ಕೆ ಒಗ್ಗದ ಲಿಪಿಯೆಂದು ಭಾವಿಸಿದರೆ, ಆ ಅಪವಾದಕ್ಕೆ ಲಿಪಿಯು ಕಾರಣವಲ್ಲ.

ತರುಣನು ಹದಿನೈದು ದಿನಗಳಲ್ಲಿ ತಿದ್ದಿಕೊಂಡು ಬಂದನು. ಗೊಮ್ಮಟನ ಪಾದದ ಬಳಿ ‘ಕಾರ್ಕಳ’ವು ಅರ್ಕಾವೊತ್ತಿನೊಡನೆ ನಿಂತಿದ್ದಿತು, ಸುತ್ತಿದಾಗ ಶಿಲೆಯ ಹಿಂದೆ ಮರೆಯೂ ಆಯಿತು. ‘ಕಾಪು’ವಿನ ಕೊಂಬು ಮಾತ್ರ ಮಸುಕಾಗಿದ್ದಿತು. ಅವನ ಪರದೆಯಲ್ಲಿ ಟೂಲ್‌ಕಿಟ್ಟು ಒಂದೆಂದು ಎಣಿಸುವ ಬಿಂದುವು ವಾಸ್ತವವಾಗಿ ಅಡ್ಡಕ್ಕೆರಡು ಉದ್ದಕ್ಕೆರಡು, ಒಟ್ಟು ನಾಲ್ಕು ಬಿಂದುಗಳು. ಪದದ ಚಿತ್ರವನ್ನು ಅವನು ಅರ್ಧ ಅಳತೆಯಲ್ಲಿ ಬರೆಯಿಸಿ ಹಿಗ್ಗಿಸಿದ್ದನು. ಅಳತೆಯನ್ನು ಇಮ್ಮಡಿಸಿದ ಮೇಲೆ ಕೊಂಬು ಸ್ಪಷ್ಟವಾಯಿತು.